ಕೌದಳ್ಳಿಯ ಹುಳ, ಯಳಂದೂರಿನ ಟಿ.ವಿ.

ನನ್ನ ತಂಗಿ ಶೃತಿ ಹುಳದ ಮನೆಯ ಬೀಗ ತೆಗೆದಾಗ ಒಳಗೆ ಸದ್ದಿರಲಿಲ್ಲ.

ರೇಷ್ಮೆ ಹುಳ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ ಹುಳಕ್ಕೆ ಬಕಾಸುರನ ಹಸಿವು. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಮೇಯುವಾಗ ಹಂಚಿನ ಮೇಲೆ ತುಂತುರು ಬಿದ್ದ ಹಾಗೆ ಕೇಳಿಸುತ್ತದೆ. ಆ ರಾತ್ರಿ ಅದು ನಿಂತುಹೋಗಿತ್ತು. ಶೃತಿ ಲೈಟ್ ಹಾಕಿದಳು. ಸ್ಟ್ಯಾಂಡುಗಳ ತುಂಬ ಹುಳಗಳು ತಲೆ ಎತ್ತಿ ಒದ್ದಾಡುತ್ತಿದ್ದವು. ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಕಿಟಕಿ ಪಕ್ಕದವು ಆಗಲೇ ಸತ್ತು ಕುಗ್ಗಿದ್ದವು.

ಅವಳು ಕಿರುಚಲಿಲ್ಲ. ಕೊಳ್ಳೇಗಾಲದಲ್ಲಿದ್ದ ನನಗೆ ಫೋನ್ ಮಾಡಿದಳು.

“ಎಲ್ಲಾ ಓಯ್ತು ಕಣಕ್ಕ. ಯಾರೋ ವಿಷ ಒಡ್ದುಬುಟ್ಟವ್ರೆ.”

ನಾನು ಕುಸುಮ. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದೆ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಬಾಯಿ ಜೋರು ಅಂತ ಊರೆಲ್ಲ ಹೇಳುತ್ತದೆ, ಹೇಳಲಿ. ಫೋನ್ ಇಡುವ ಮೊದಲೇ ನನ್ನ ಬಾಯಿಗೆ ಒಂದು ಹೆಸರು ಬಂದಿತ್ತು. ಮಲ್ಲಿಕಾರ್ಜುನಸ್ವಾಮಿ. ಶೃತಿಯ ಗಂಡ. ಯಳಂದೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಬೆಲ್ಟಿನ ಬರೆ ಹೊತ್ತುಕೊಂಡು ಶೃತಿ ಅವನ ಮನೆ ಬಿಟ್ಟು ಬಂದವಳು. ಹನೂರು ದಾಟಿ ಬೆಟ್ಟದ ದಾರಿಯಲ್ಲಿರುವ ಕೌದಳ್ಳಿಯಲ್ಲಿ ನಮ್ಮಪ್ಪನ ತುಂಡು ಜಮೀನಿದೆ. ಅಲ್ಲಿ ಹಿಪ್ಪುನೇರಳೆ ನೆಟ್ಟು ಹುಳ ಸಾಕಿಕೊಂಡು ಬದುಕುತ್ತಿದ್ದಳು.

ಅವನಿಗೆ ಅದನ್ನು ಸಹಿಸಲಾಗಲಿಲ್ಲ. ಆರು ವರ್ಷದ ಮಗಳು ದೀಪಶ್ರೀಯನ್ನು ತನಗೆ ಕೊಡಿಸಬೇಕು, ತಾಯಿಗೆ ದುಡಿಮೆಯೇ ಇಲ್ಲ ಅಂತ ಕೋರ್ಟಿಗೆ ಹಾಕಿದ್ದ. ಅವತ್ತು ಬೆಳಿಗ್ಗೆ ತಾನೇ ಕೊಳ್ಳೇಗಾಲದಲ್ಲಿ ವಾಯಿದೆ ಇತ್ತು. ಮುಂದಿನ ಸಲ ಬರುವಾಗ ನಿನ್ನ ಜೀವನೋಪಾಯ ಏನೆಂದು ತೋರಿಸಮ್ಮ ಅಂದರು ಜಡ್ಜ್. ತೋರಿಸುವುದಕ್ಕೆ ಶೃತಿಗೆ ಇದ್ದದ್ದು ಈ ಬೆಳೆ ಒಂದೇ. ಹುಳ ಇನ್ನೇನು ಹಣ್ಣಾಗಿ ಗೂಡಿಗೆ ಹತ್ತುವುದರಲ್ಲಿದ್ದವು. ಅವು ಹೋದರೆ ಮಗು ಹೋದ ಹಾಗೆ.

ಕೋರ್ಟಿನ ಗೇಟಿನ ಹತ್ತಿರ ಅವನು ಎಲ್ಲರ ಎದುರು ನಕ್ಕಿದ್ದ. “ಹುಳ ಸಾಕಿ ಮಗೂನ ಸಾಕ್ತಾಳಂತೆ. ನೋಡವ ಎಷ್ಟು ದಿವ್ಸ ಅಂತ.” ನನ್ನ ಕಿವಿಯಾರೆ ಕೇಳಿದ್ದೆ.

ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಶೃತಿ ನನ್ನ ಮನೆಯಲ್ಲಿದ್ದಳು. ಮಗುವನ್ನು ನನ್ನ ಹತ್ತಿರವೇ ಬಿಟ್ಟು ಬಸ್ ಹತ್ತಿದ್ದಳು. ವಾಯಿದೆಯ ದಿನ ಅವಳು ರಾತ್ರಿ ಬಸ್ಸಿಗೇ ಊರು ಸೇರುವುದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾನು ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಮಗುವನ್ನು ಎತ್ತಿಕೊಂಡು, ಸಿಕ್ಕಿದ ಕಾರು ಹಿಡಿದು ಕೌದಳ್ಳಿಗೆ ಹೊರಟೆ. ದಾರಿಯುದ್ದಕ್ಕೂ ಅವನ ವಂಶವನ್ನು ತೊಳೆದೆ.

* * *

ಬೆಳಿಗ್ಗೆ ಹನೂರಿನ ಸಬ್ ಇನ್ಸ್‌ಪೆಕ್ಟರ್ ಬಂದರು. ಹೆಸರು ರೂಪ. ಬಿಳಿಗಿರಿ ಬೆಟ್ಟದ ಕಾಡಿನೊಳಗಿನ ಪೋಡಿನಲ್ಲಿ ಹುಟ್ಟಿದ ಸೋಲಿಗ ಬುಡಕಟ್ಟಿನ ಹೆಣ್ಣುಮಗಳು. ಕುಳ್ಳಗೆ, ಮೌನಿ. ಹುಳ ಸತ್ತರೂ ಪೊಲೀಸಾ ಅಂತ ಜೊತೆಗಿದ್ದ ಕಾನ್‌ಸ್ಟೇಬಲ್ ಗೊಣಗಿದ. ಅವರು ತಿರುಗಿ ನೋಡಿದ್ದಕ್ಕೆ ಬಾಯಿ ಮುಚ್ಚಿದ.

ನಾನು ಮಲ್ಲಿಕಾರ್ಜುನನ ಹೆಸರು ಹೇಳಿದೆ. ಊರಿನವರು ಬೇರೆ ಹೆಸರು ಹೇಳಿದರು. ಪಕ್ಕದ ಹೊಲದ ಪುಟ್ಟಮಲ್ಲಪ್ಪ ಹಿಂದಿನ ದಿನ ಬೆಳಿಗ್ಗೆ ಟೊಮೇಟೊಗೆ ಔಷಧಿ ಹೊಡೆದಿದ್ದ. ಅವನಿಗೂ ಶೃತಿಗೂ ಬದುವಿನ ವಿಚಾರಕ್ಕೆ ಮಾತು ಬಿಟ್ಟಿತ್ತು. ಗಾಳಿಗೆ ಔಷಧಿ ಸೊಪ್ಪಿನ ಮೇಲೆ ಬಿದ್ದಿರುತ್ತದೆ, ಬೇಕೆಂದೇ ಹೊಡೆದಿರುತ್ತಾನೆ ಅಂದರು. ಮುದುಕ ಬೆವರಿಬಿಟ್ಟ. ಗಾಳಿ ಆ ಕಡೆಗೆ ಇರಲಿಲ್ಲ ಅಂತ ಮಲೆ ಮಾದಪ್ಪನ ಮೇಲೆ ಆಣೆ ಇಟ್ಟ.

ಇನ್ನೊಂದು ಗುಂಪು ಜಡೆಮ್ಮನನ್ನು ಹಿಡಿಯಿತು. ಜಡೆಮ್ಮ ಶೃತಿಯ ಹತ್ತಿರ ಕೂಲಿ ಮಾಡುವವಳು, ಅವಳೂ ಸೋಲಿಗರವಳೇ. ಅವತ್ತು ಮಧ್ಯಾಹ್ನ ಸೊಪ್ಪು ಹಾಕಿ ಬೀಗ ಜಡಿದು ಹೋದವಳೂ ಅವಳೇ. ಬಾಯಲ್ಲಿ ಸದಾ ಹೊಗೆಸೊಪ್ಪು. ಹೊಗೆಸೊಪ್ಪಿನ ಕೈ ತಾಗಿದರೂ ಹುಳ ಸಾಯುತ್ತವೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜಗುಲಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು.

ರೂಪ ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋದರು. ದೊಡ್ಡ ಕೋಣೆಯ ಪಕ್ಕಕ್ಕೆ ಒಂದು ಚಿಕ್ಕ ಕೋಣೆಯಿದೆ. ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಹುಳಗಳನ್ನು ಶೃತಿ ಅಲ್ಲಿ ಬೇರೆ ಇಟ್ಟಿದ್ದಳು. ರೂಪ ಬಿಗಿಯಾಗಿ ಮುಚ್ಚಿದ್ದ ಆ ಬಾಗಿಲು ತೆಗೆದರು. ಒಳಗಿನ ಹುಳ ಕರಕರ ಅಂತ ಮೇಯುತ್ತಿದ್ದವು.

“ಇವಕ್ಕೆ ಸೊಪ್ಪು ಎಲ್ಲಿಯದು?”

“ಅದೇ ಸೊಪ್ಪು ಮೇಡಂ,” ಅಂದಳು ಶೃತಿ. “ಒಂದೇ ಹೊರೆ.”

“ಹಾಕಿದ್ದು?”

“ಜಡೆಮ್ಮನೇಯ.”

ರೂಪ ಹೊರಗೆ ಬಂದು ಜನರಿಗೆ ಹೇಳಿದರು. ಸೊಪ್ಪಿಗೆ ವಿಷ ಬಿದ್ದಿದ್ದರೆ ಚಿಕ್ಕ ಕೋಣೆಯ ಹುಳ ಉಳಿಯುತ್ತಿರಲಿಲ್ಲ. ಜಡೆಮ್ಮನ ಕೈಯಲ್ಲಿ ವಿಷ ಇದ್ದಿದ್ದರೂ ಅಷ್ಟೇ. ವಿಷ ಸೊಪ್ಪಿನಲ್ಲೂ ಇಲ್ಲ, ಕೈಯಲ್ಲೂ ಇಲ್ಲ. ದೊಡ್ಡ ಕೋಣೆಯ ಗಾಳಿಯಲ್ಲಿ ಬಂದಿದೆ. ಆಮೇಲೆ ಹೊರಗಿನಿಂದ ಕಿಟಕಿಯ ಜಾಲರಿಗೆ ಬೆರಳು ಒತ್ತಿ ತೋರಿಸಿದರು. ಬೆರಳು ಎಣ್ಣೆ ಎಣ್ಣೆಯಾಗಿತ್ತು. ಮೂಸಿದೆ. ಸೊಳ್ಳೆಗೆ ಹೊಡೆಯುವ ಸ್ಪ್ರೇ. ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಹುಳದ ಮನೆಯ ಹತ್ತಿರ ಸೊಳ್ಳೆಬತ್ತಿಯನ್ನೂ ಹಚ್ಚದವರು ನಾವು.

ಪುಟ್ಟಮಲ್ಲಪ್ಪ ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಔಷಧಿ ಸೋಂಕದ ತನ್ನ ಆಚೆ ತೋಟದಿಂದ ಒಂದು ಹೊರೆ ಹಿಪ್ಪುನೇರಳೆ ಸೊಪ್ಪು ತಂದು ಚಿಕ್ಕ ಕೋಣೆಯ ಮುಂದೆ ಹಾಕಿದ. ದೊಡ್ಡ ಕೋಣೆಗೆ ರೂಪ ಬೀಗ ಹಾಕಿಸಿದರು. ಮಹಜರು ಆಗುವವರೆಗೆ ಯಾರೂ ಏನೂ ಮುಟ್ಟಕೂಡದು ಅಂದರು.

* * *

ಅವತ್ತೇ ಅವರು ಯಳಂದೂರಿಗೆ ಹೋಗಿಬಂದರು. ನಾನು ಕೊಳ್ಳೇಗಾಲಕ್ಕೆ ವಾಪಸ್ ಬಂದಿದ್ದೆ. ಸಂಜೆ ನನ್ನ ಮನೆಗೆ ಬಂದಾಗ ಅವರ ಮುಖ ಗಂಟಿಕ್ಕಿಕೊಂಡಿತ್ತು.

ಮಲ್ಲಿಕಾರ್ಜುನ ಮರ್ಯಾದೆಯಿಂದ ಕುರ್ಚಿ ಹಾಕಿದನಂತೆ, ಕಾಫಿ ತರಿಸಿದನಂತೆ. ಅಯ್ಯೋ ಪಾಪ ಅಂದನಂತೆ. ಆ ಕಾಡು ಜನರನ್ನ ಕೆಲಸಕ್ಕೆ ಇಟ್ಟುಕೊಂಡರೆ ಇನ್ನೇನಾಗುತ್ತೆ ಮೇಡಂ ಅಂತಲೂ ಅಂದನಂತೆ. ಯಾರ ಮುಂದೆ ಹೇಳುತ್ತಿದ್ದೇನೆ ಎಂಬ ಅಂದಾಜು ಆ ಮುಠ್ಠಾಳನಿಗೆ ಇರಲಿಲ್ಲ. ರೂಪ ಅದನ್ನು ಹೇಳುವಾಗ ದನಿ ಏರಿಸಲಿಲ್ಲ. ಆದರೆ ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ಬಲವಾಗಿ ಒತ್ತಿದರು.

ಕೋರ್ಟಿನಿಂದ ಮನೆಗೆ ಬಂದವನು ಸಂಜೆಯಿಂದ ಊಟದ ಹೊತ್ತಿನವರೆಗೂ ಟಿ.ವಿ. ಮುಂದೆಯೇ ಇದ್ದೆ ಅಂದನಂತೆ. ಅವನ ತಾಯಿ ಚನ್ನಾಜಮ್ಮ ಕುಂತೂರಿನ ಮಗಳ ಮನೆಗೆ ಹೋಗಿದ್ದರು. ಪಕ್ಕದ ಮನೆಯ ಶಿವಮ್ಮ, ಹೌದು, ಗೋಡೆಯಾಚೆ ಫೈಟಿಂಗ್ ಪಿಚ್ಚರಿನ ಸದ್ದು ಕೊನೆಯವರೆಗೂ ಕೇಳುತ್ತಿತ್ತು ಅಂದರಂತೆ. ಯಳಂದೂರಿನಿಂದ ಕೌದಳ್ಳಿಗೆ ಹೋಗಿ ಬರಲು ಹೆಚ್ಚುಕಡಿಮೆ ಒಂದು ಸಿನಿಮಾದಷ್ಟೇ ಹೊತ್ತು ಬೇಕು. ಎರಡೂ ಕಡೆ ಒಬ್ಬನೇ ಇರಲು ಆಗುವುದಿಲ್ಲ.

“ಸಿನಿಮಾ ಬಂದದ್ದು ನಿಮ್ಮ ಮನೆಯಿಂದಲೇ ಅಂದ. ಬೇಕಾದರೆ ಕುಸುಮಕ್ಕನ್ನೇ ಕೇಳಿ ಅಂದ,” ಅಂದರು ರೂಪ.

ನಾನು ಎದ್ದು ಅಟ್ಟದ ಕೆಳಗಿನ ಲೈಟ್ ಹಾಕಿದೆ.

ನಿಜ. ನನ್ನ ಮನೆಯ ಅಟ್ಟದ ಕೆಳಗೆ ಒಂದು ಹಳೇ ಕಂಪ್ಯೂಟರ್ ಇದೆ. ಅಂಗಡಿಯಲ್ಲಿ ಹಳೆಯದಾಗಿ ಮೂಲೆ ಸೇರಿದ್ದನ್ನು ತಂದು ನಾನೇ ಮೀಡಿಯಾ ಸರ್ವರ್ ಮಾಡಿದ್ದೆ. ಅಪ್ಪ ಕೂಡಿಟ್ಟಿದ್ದ ಸಿನಿಮಾ ಡಿಸ್ಕುಗಳು, ನಮ್ಮ ಮದುವೆ ಮುಂಜಿಯ ವಿಡಿಯೋಗಳು, ಎಲ್ಲ ಅದರೊಳಗಿವೆ. ನೆಂಟರೆಲ್ಲ ಇಂಟರ್‌ನೆಟ್ ಮೂಲಕ ತಮ್ಮ ತಮ್ಮ ಟಿ.ವಿ.ಯಲ್ಲಿ ಅದರಿಂದಲೇ ನೋಡುತ್ತಾರೆ. ಶೃತಿಯ ಮದುವೆಯ ಹೊಸದರಲ್ಲಿ ಯಳಂದೂರಿಗೂ ಕೊಟ್ಟಿದ್ದೆ. ಚನ್ನಾಜಮ್ಮ ಒಳ್ಳೆಯ ಹೆಂಗಸು, ಹಳೇ ಭಕ್ತಿ ಸಿನಿಮಾ ಅಂದರೆ ಪ್ರಾಣ. ಅವರ ಮುಖ ನೋಡಿ ತೆಗೆದಿರಲಿಲ್ಲ.

ಆ ಕಂಪ್ಯೂಟರ್ ಡಬ್ಬಕ್ಕೆ ಕರೆಂಟ್ ಕೊಟ್ಟೆ. ಯಾರು ಯಾವಾಗ ಏನು ನೋಡಿದರು ಅನ್ನುವ ಲೆಕ್ಕ ಪರದೆಯ ಮೇಲೆ ಬಂತು. ಯಳಂದೂರಿನ ಟಿ.ವಿ. ಆ ಸಂಜೆ ಮೂರು ತಾಸಿನ ಸಿನಿಮಾ. ಶುರುವಿನಿಂದ ಕೊನೆಯವರೆಗೆ. ನನ್ನ ಮನೆಯ ಡಬ್ಬವೇ ಆ ಪಾಪಿಯ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಅದನ್ನು ತಕ್ಕೊಂಡು ಹೋಗಿ ಕಾವೇರಿಗೆ ಎಸೆಯಬೇಕು ಅನ್ನಿಸಿತು.

“ಟಿ.ವಿ. ಓಡಿದೆ ಅಂತ ಗೊತ್ತಾಯಿತು,” ಅಂದರು ರೂಪ. “ಎದುರಿಗೆ ಅವನು ಕೂತಿದ್ದನೋ ಇಲ್ಲವೋ ಇದು ಹೇಳುತ್ತದಾ?”

ಇಲ್ಲ. ಹಾಕಿ ಬಿಟ್ಟು ಹೋದರೂ ಅದರ ಪಾಡಿಗೆ ಅದು ಓಡುತ್ತದೆ.

“ಆವತ್ತು ಸಂಜೆ ನೀವೇನು ಮಾಡುತ್ತಿದ್ದಿರಿ? ಒಂದೂ ಬಿಡದೆ ಹೇಳಿ.”

ಹೇಳತೊಡಗಿದೆ. ಕೋರ್ಟಿನಿಂದ ಬಂದಾಗ ನನಗೆ ಮೈಯೆಲ್ಲ ಉರಿ. ಆ ನಗು ಕಣ್ಣ ಮುಂದಿತ್ತು. ಏನು ಮಾಡಲಿ ಅವನಿಗೆ? ಕೈಗೆ ಸಿಕ್ಕಿದ್ದು ಈ ಡಬ್ಬ ಒಂದೇ. ಅವನ ಬ್ಯಾಂಡ್‌ವಿಡ್ತ್ ಹಿಚುಕಿಬಿಟ್ಟೆ.

“ಅಂದರೆ?”

ರೂಪ ಅವರಿಗೆ ತೋರಿಸಿದೆ. ನಮ್ಮ ಮನೆಗೆ ಬರುವ ಇಂಟರ್‌ನೆಟ್ ಧಾರಾಳ. ಮನೆಯಿಂದ ಹೊರಗೆ ಕಳಿಸುವುದು ಮಾತ್ರ ಚೂರೇ ಚೂರು. ಆ ಚೂರನ್ನು ನೆಂಟರಿಗೆಲ್ಲ ಹಂಚಬೇಕು. ಅದಕ್ಕೆ ಹೊರಗಿನ ಒಬ್ಬೊಬ್ಬರಿಗೂ ಇಷ್ಟೇ ಅಂತ ಮಿತಿ ಇಟ್ಟಿದ್ದೇನೆ. ಸಿನಿಮಾ ಆ ಮಿತಿಗಿಂತ ದೊಡ್ಡದಾದರೆ ಡಬ್ಬ ನಿಂತ ನಿಲುವಿನಲ್ಲೇ ಅದನ್ನು ಸಣ್ಣದು ಮಾಡಿ ಕಳಿಸುತ್ತದೆ. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಅನ್ನುತ್ತಾರೆ. ಮರಿ ಹುಳಕ್ಕೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುವುದಿಲ್ಲವೇ, ಹಾಗೆ. ಹೆಚ್ಚುವಾಗ ಡಬ್ಬಕ್ಕೆ ಕೈತುಂಬ ಕೆಲಸ, ಬಿಸಿಯಾಗಿ ಫ್ಯಾನ್ ಬೊಬ್ಬೆ ಹೊಡೆಯುತ್ತದೆ. ಮಿತಿ ತೀರಾ ಕಮ್ಮಿ ಮಾಡಿದರೆ ಸದ್ದು ಸರಿಯಾಗೇ ಹೋಗುತ್ತದೆ, ಚಿತ್ರ ಮಾತ್ರ ಕಲಸಿದ ಮುದ್ದೆ.

“ಅವನದನ್ನು ಎಷ್ಟಕ್ಕೆ ಇಳಿಸಿದಿರಿ?”

“ಇಳಿಸೋಕೆ ಆಗೋಷ್ಟು,” ಅಂದೆ.

ಅವನು ಹೊಸದಾಗಿ ಗೋಡೆಯಷ್ಟಗಲ ಟಿ.ವಿ. ತಂದಿದ್ದ. ಅದರಲ್ಲಿ ಹೀರೋ ಯಾರು, ವಿಲನ್ ಯಾರು, ಎಮ್ಮೆ ಯಾವುದು ಅಂತ ಗೊತ್ತಾಗಬಾರದು. ಅಷ್ಟೇ ನನ್ನ ಆಸೆ. ಸಂಜೆ ಫ್ಯಾನ್ ಬೊಬ್ಬೆ ಶುರುವಾಯಿತು. ಅವನು ಸಿನಿಮಾ ಹಾಕಿದ್ದಾನೆ ಅಂತ ಗೊತ್ತಾಯಿತು. ನಾನು ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾದೆ. ಬೈಯಲಿ, ನಾನೂ ನಾಲ್ಕು ಬಿಡುತ್ತೇನೆ ಅಂತ ಮಾತುಗಳನ್ನು ಜೋಡಿಸಿಕೊಂಡು ಕೂತಿದ್ದೆ.

ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು.

“ಮೇಡಂ, ಅವನು ಫೋನೇ ಮಾಡಲಿಲ್ಲ.”

ರೂಪ ತಲೆ ಎತ್ತಿದರು. “ಯಾವಾಗಲೂ ಮಾಡುತ್ತಿದ್ದನಾ?”

ಮಾಡದೆ ಇರುತ್ತಾನಾ? ಚಿತ್ರ ಒಂದು ಗಳಿಗೆ ಸುತ್ತಿ ನಿಂತರೆ ಸಾಕು, ಫೋನ್ ಬರುತ್ತಿತ್ತು. ಗಂಡ ಹೆಂಡತಿ ಬೇರೆಯಾದ ಮೇಲೂ ಬರುತ್ತಿತ್ತು. ಬೇಕೂಂತ ಮಾಡ್ತೀಯ ಅಂತ ಒಂದೇ ಉಸಿರಲ್ಲಿ ಕೂಗಾಡುತ್ತಿದ್ದ. ಒಂದು ಸಲ ಬೇರೆ ನೆಂಟರು ಮೂರು ಜನ ಒಟ್ಟಿಗೆ ಸಿನಿಮಾ ಹಾಕಿ ಅವನದು ಸ್ವಲ್ಪ ಮಂಕಾಗಿದ್ದಕ್ಕೆ ಅಂಗಡಿಗೇ ಬಂದು ಗಿರಾಕಿಗಳ ಮುಂದೆ ಜಗಳ ಆಡಿದ್ದ. ಅಂಥವನು ಆ ಹೊಸ ಟಿ.ವಿ.ಯಲ್ಲಿ ಮೂರು ತಾಸು ಮುದ್ದೆ ನೋಡಿಕೊಂಡು ಸುಮ್ಮನೆ ಕೂತನೇ?

“ಅದಕ್ಕೆ ಮೊದಲು ಚಿತ್ರ ಚೆನ್ನಾಗಿತ್ತಾ?”

“ಚೆನ್ನಾಗಿತ್ತು. ಹಿಚುಕಿದ್ದು ಅವತ್ತೇ ಮೊದಲು.”

“ಆಮೇಲೆ ನೋಡಿರಬಹುದಲ್ಲ?”

“ಆಗೋದಿಲ್ಲ. ಶೃತಿ ಫೋನ್ ಬಂದ ತಕ್ಷಣ ಮನೇದೆಲ್ಲ ಆರಿಸಿ ಹೋದೆ. ಡಬ್ಬಕ್ಕೆ ಕರೆಂಟ್ ಬಂದದ್ದು ಈಗಲೇ.”

ರೂಪ ಮೊದಲ ಸಲ ಕಾಲು ಚಾಚಿ ಕುರ್ಚಿಗೆ ಒರಗಿದರು. ಹಾಗಾದರೆ ಚಿತ್ರ ಕೆಟ್ಟಿತ್ತು ಅನ್ನುವುದು ಅವನಿಗೆ ಇನ್ನೂ ತಿಳಿದಿಲ್ಲ ಅಂದರು. ಇದೊಂದರಿಂದಲೇ ಅವನು ಕೌದಳ್ಳಿಗೆ ಹೋಗಿದ್ದ ಅಂತ ಹೇಳಲಾಗುವುದಿಲ್ಲ, ಮನೆಯಲ್ಲಿರಲಿಲ್ಲ ಅಂತ ಮೊದಲು ಅವನ ಬಾಯಿಂದಲೇ ಬರಲಿ ಅಂದರು. ಇದನ್ನು ಯಾರಿಗೂ ಹೇಳಬೇಡಿ, ಆ ಡಬ್ಬವನ್ನೂ ಮತ್ತೆ ಆರಿಸಿ ಅಂದರು.

* * *

ಮಾರನೆಯ ದಿನ ಹನೂರು ಸ್ಟೇಷನ್ನಿಗೆ ಅವನನ್ನು ಕರೆಸಿದರು. ಬರೀ ಹೇಳಿಕೆಗೆ ಸಹಿ ಅಂತ ಹೇಳಿದ್ದರಿಂದ ಇಸ್ತ್ರಿ ಅಂಗಿ ಹಾಕಿಕೊಂಡು ತನ್ನ ಸ್ಕೂಟರಿನಲ್ಲೇ ಬಂದ. ಶೃತಿಯೂ ನಾನೂ ಪಕ್ಕದ ಬೆಂಚಿನ ಮೇಲಿದ್ದೆವು. ನಮ್ಮನ್ನು ನೋಡಿ ಮೀಸೆಯಲ್ಲೇ ನಕ್ಕ. ಶೃತಿ ನನ್ನ ಕೈ ಹಿಡಿದುಕೊಂಡಳು.

ರೂಪ ಹೇಳಿಕೆ ಓದಿದರು. ಸಂಜೆ ಮನೆಗೆ ಬಂದಿದ್ದು, ಸಿನಿಮಾ ಹಾಕಿದ್ದು. ಹೌದು ಹೌದು ಅಂದ. ಆಮೇಲೆ ಪೆನ್ನು ಕೆಳಗಿಟ್ಟು, ನಿಮ್ಮ ಮನೆಯ ಟಿ.ವಿ. ನೋಡಿದೆ, ಭಾರಿ ಇದೆಯಲ್ಲ, ನಾನೂ ಒಂದು ತಗೋಬೇಕು ಅಂತಿದ್ದೇನೆ ಅಂದರು. ಅವನು ಕುರ್ಚಿಯಲ್ಲಿ ಮುಂದಕ್ಕೆ ಸರಿದ.

“ತಕಳಿ ಮೇಡಂ. ಕಣ್ಣು ಮುಚ್ಕಂಡು ತಕಳಿ.”

“ಆವತ್ತಿನ ಸಿನಿಮಾ ಹೇಗೆ ಬಂತು? ಇಂಟರ್‌ನೆಟ್‌ನಲ್ಲಿ ಬರೋದು ಮಸುಕಾಗಿರುತ್ತೆ ಅಂತಾರೆ.”

“ಛೆ ಛೆ. ಕನ್ನಡಿ ಮೇಡಂ, ಕನ್ನಡಿ. ಕ್ಲೈಮ್ಯಾಕ್ಸ್ ಫೈಟಲ್ಲಿ ಹೀರೋ ಹಣೆ ಮ್ಯಾಲಿನ ಬೆವರು ಎಣಿಸ್ಬೋದಿತ್ತು.”

“ಮಧ್ಯ ಎದ್ದು ಹೋಗಲಿಲ್ಲವಾ? ನಿದ್ದೆ?”

“ಒಂದ್ ನಿಮಿಷ ಏಳ್ನಿಲ್ಲ. ಕೊನೇವರ್ಗೂ ಕೂತಿದ್ದೆ.”

ರೂಪ ಅದನ್ನೂ ಬರೆಸಿದರು. ಅವನು ಉದ್ದಕ್ಕೆ ಸಹಿ ಎಳೆದ. ಆಗ ಅವರು ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಅವನ ಕಡೆಗೆ ತಿರುಗಿಸಿದರು. ಅದೇ ಸಿನಿಮಾ, ಅದೇ ಫೈಟ್, ಆ ಸಂಜೆಯ ಮಿತಿಯಲ್ಲಿ ನಾನು ಬೆಳಿಗ್ಗೆ ಮಾಡಿಕೊಟ್ಟದ್ದು. ಬೂದು ಚೌಕಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತಿದ್ದವು. ಮುಖಗಳೇ ಇರಲಿಲ್ಲ.

“ನಿಮ್ಮ ಟಿ.ವಿ.ಗೆ ಆವತ್ತು ಬಂದದ್ದು ಇದು. ಬೆವರು ಎಲ್ಲಿದೆ ತೋರಿಸಿ.”

ಅವನು ಪರದೆ ನೋಡಿದ. ನನ್ನನ್ನು ನೋಡಿದ. ನಾನು ಹಲ್ಲು ಕಿರಿದೆ. ಎರಡು ದಿನದಿಂದ ಕಾಯುತ್ತಿದ್ದ ನಗು ಅದು.

ರೂಪ ಒಂದೊಂದಾಗಿ ಇಟ್ಟರು. ಕೋರ್ಟಿನಲ್ಲಿ ನೀನು ಶೃತಿಯನ್ನು ನೋಡಿದೆ, ರಾತ್ರಿಯವರೆಗೆ ಕೌದಳ್ಳಿಯಲ್ಲಿ ಯಾರೂ ಇರುವುದಿಲ್ಲ ಅಂತ ನಿನಗೆ ಗೊತ್ತಿತ್ತು. ತಾಯಿ ಕುಂತೂರಿಗೆ ಹೋಗಿದ್ದರು, ಮನೆ ಖಾಲಿ. ಥಿಯೇಟರಿನಲ್ಲಿ ನೋಡಿ ಬಾಯಿಪಾಠ ಆಗಿದ್ದ ಸಿನಿಮಾ ಹಾಕಿದೆ, ಯಾರು ಕೇಳಿದರೂ ಕಥೆ ಹೇಳಬಹುದು ಅಂತ. ಪಕ್ಕದ ಮನೆಗೆ ಕೇಳಲಿ ಅಂತ ಸದ್ದು ಜೋರು ಮಾಡಿದೆ. ಕುಸುಮ ಅವರ ಸರ್ವರಿನಲ್ಲಿ ಗುರುತು ಉಳಿಯಲಿ ಅಂತ ಅದರಿಂದಲೇ ಹಾಕಿದೆ, ನಿನ್ನ ಶತ್ರುವೇ ನಿನ್ನ ಪರ ಸಾಕ್ಷಿ ಹೇಳಬೇಕಾಗುತ್ತದೆ ಅಂತ. ಎಲ್ಲ ಸರಿ ಇತ್ತು. ಆದರೆ ಟಿ.ವಿ. ಹಾಕಿದವನು ಚಿತ್ರ ಮೂಡುವವರೆಗೂ ನಿಲ್ಲಲಿಲ್ಲ. ನಿಂತಿದ್ದರೆ ಜಗಳಕ್ಕೆ ಫೋನ್ ಮಾಡದೆ ಇರುವ ಜಾಯಮಾನ ನಿನ್ನದಲ್ಲ.

ಅವನು ಊಟಕ್ಕೆ ಹೋಗಿದ್ದೆ ಅಂದ. ಅಲ್ಲ, ಗೆಳೆಯ ಬಂದಿದ್ದ ಅಂದ. ಆಗಷ್ಟೇ ಸಹಿ ಮಾಡಿದ ಹಾಳೆಯನ್ನು ರೂಪ ಬೆರಳಿನಿಂದ ತಟ್ಟಿದರು. ಕಾನ್‌ಸ್ಟೇಬಲ್ ಕಡೆ ತಿರುಗಿ, ಹೊರಗಿರುವ ಇವರ ಸ್ಕೂಟರಿನ ಸೀಟು ಎತ್ತಿಸಿ ಅಂದರು.

ಸೀಟಿನ ಕೆಳಗೆ ಸೊಳ್ಳೆ ಸ್ಪ್ರೇಯ ಎರಡು ಡಬ್ಬಿ ಇದ್ದವು. ಜಾಲರಿಯೊಳಗೆ ತೂರಿಸಲು ಮೂತಿಗೆ ಸಿಕ್ಕಿಸಿದ ತೆಳ್ಳನೆಯ ಪೈಪೂ ಇತ್ತು, ಅವನದೇ ಹಾರ್ಡ್‌ವೇರ್ ಅಂಗಡಿಯದು. ಒಂದು ಡಬ್ಬಿ ಖಾಲಿ. ಇನ್ನೊಂದರಲ್ಲಿ ಅರ್ಧ ಉಳಿದಿತ್ತು. ಹೋಗುವ ದಾರಿಯಲ್ಲಿ ಎಷ್ಟು ಹಳ್ಳ, ಎಷ್ಟು ಪೊದೆ. ಅರ್ಧ ಉಳಿದ ಮಾಲನ್ನು ಬಿಸಾಕಲು ಆ ಜಿಪುಣನ ಕೈ ಬಂದಿರಲಿಲ್ಲ.

“ಕಾಡು ಜನ ಅಂದೆಯಲ್ಲ,” ಅಂದರು ರೂಪ. “ನಾನೂ ಆ ಜನವೇ. ಎದ್ದೇಳು.”

* * *

ಅವತ್ತು ಮಧ್ಯಾಹ್ನವೇ ಮಹಜರಿಗೆ ಅವನನ್ನು ಕೌದಳ್ಳಿಗೆ ತಂದರು. ಊರು ಊರೇ ನಿಂತಿತ್ತು. ಕಿಟಕಿ ತೋರಿಸಿದ, ಪೈಪು ತೂರಿಸಿದ ಜಾಗ ತೋರಿಸಿದ. ದೊಡ್ಡ ಕೋಣೆಯ ಬೀಗ ತೆಗೆದ ಕೂಡಲೇ ವಾಸನೆ ಮುಖಕ್ಕೆ ಹೊಡೆಯಿತು. ಹುಳ ಕಪ್ಪಾಗಿ ಕೊಳೆತಿದ್ದವು. ಅವನು ಮೂಗು ಮುಚ್ಚಿಕೊಂಡು ಹೊರಗೆ ಬಂದ. ಪಂಚರು ಸಹಿ ಹಾಕಿದರು. ಇನ್ನು ಇವನ್ನು ಮಣ್ಣು ಮಾಡಬಹುದು ಅಂದರು ರೂಪ.

ಜಡೆಮ್ಮ ಗುದ್ದಲಿ ತರಲು ಎದ್ದಳು. ಶೃತಿ ಅವಳನ್ನು ಕೂರಿಸಿ ತಾನೇ ತಂದಳು. ತಂದು ಅವನ ಕಾಲ ಬಳಿ ಹಾಕಿದಳು.

“ತೋಡು.”

ಅವನು ರೂಪ ಅವರ ಕಡೆ ನೋಡಿದ. ಅವರು ಬೆನ್ನು ತಿರುಗಿಸಿ ಮಹಜರಿನ ಹಾಳೆಗಳನ್ನು ಜೋಡಿಸುತ್ತಿದ್ದರು. ಜೋಡಿಸುವುದು ಮುಗಿಯಲೇ ಇಲ್ಲ. ಕಾನ್‌ಸ್ಟೇಬಲ್ ಬೇಲಿಯ ಆಚೆ ಏನೋ ನೋಡುತ್ತಿದ್ದ. ಪುಟ್ಟಮಲ್ಲಪ್ಪ ಮಾತ್ರ ಬಾಯಿ ಬಿಟ್ಟ. “ತೋಡ್ಲಾ. ಆ ಹುಳದ ಪಾಪ ನನ್ ತಲೆ ಮ್ಯಾಲೆ ಬರಂಗೆ ಮಾಡಿದ್ಯಲ್ಲ.”

ಅವನು ತೋಡಿದ. ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಗುಂಡಿ ಸಾಲದು ಅಂತ ಶೃತಿ ಎರಡು ಸಲ ಮತ್ತೆ ತೋಡಿಸಿದಳು. ಆಮೇಲೆ ಹುಳ ಹೊರಿಸಿದಳು. ಮಂಕರಿ ಕೊಡಲಿಲ್ಲ, ಕೈಯಲ್ಲೇ ಬಾಚಬೇಕು ಅಂದಳು. ಮೊದಲ ಸ್ಟ್ಯಾಂಡಿಗೇ ಅವನಿಗೆ ವಾಂತಿಯಾಯಿತು. ಬಾಯಿಂದ ನೀರು ಕಕ್ಕಿಕೊಂಡು ಮೊಳಕಾಲ ಮೇಲೆ ಕೂತ. ನನಗೆ ಸಂತೋಷವಾಯಿತು. ಹೊಟ್ಟೆ ತುಂಬುವಷ್ಟು ಸಂತೋಷ. ಸುಳ್ಳು ಯಾಕೆ ಹೇಳಲಿ?

ಕೊನೆಗೆ ಅವನು ಗುಂಡಿಯ ಅಂಚಿನಲ್ಲಿ ನಿಂತು ಕೈ ಮುಗಿದ. ಕೈಯಿಂದ ಕಪ್ಪು ನೀರು ಇಳಿಯುತ್ತಿತ್ತು.

“ಶೃತಿ, ಕಂಪ್ಲೇಂಟ್ ವಾಪಸ್ ತಕೋ. ಮಗೂನ ನೀನೇ ಇಟ್ಕೊ. ಕೋರ್ಟಲ್ಲಿ ನಾನೇ ಬರ್ಕೊಡ್ತೀನಿ. ಇವತ್ತೇ ಬೇಕಾದ್ರೂ ಬರ್ಕೊಡ್ತೀನಿ.”

ಎರಡು ವರ್ಷದಿಂದ ನಾವು ಕೋರ್ಟು ಅಲೆದದ್ದು ಈ ಒಂದು ಮಾತಿಗೆ. ಒಪ್ಪಿಕೋ ಅಂತ ನಾನು ಬಾಯಿ ತೆರೆದೇಬಿಟ್ಟಿದ್ದೆ. ಶೃತಿ ನನ್ನ ಕಡೆ ನೋಡಲೂ ಇಲ್ಲ.

“ನನ್ ಮಗೀನ ನಂಗೆ ಕೊಡಕ್ಕೆ ನೀನ್ಯಾರು?” ಅಂದಳು. ದನಿ ಏರಿರಲಿಲ್ಲ. “ಜಡ್ಜ್ ಮುಂದೆ ನಾನೇ ನಿಂತು ತಕತೀನಿ. ಚಿಕ್ಕ ಕೋಣೆ ಹುಳ ಕಟ್ಟೋ ಗೂಡ್ನೂ ತೋರಿಸ್ತೀನಿ, ಈ ಗುಂಡೀನೂ ತೋರಿಸ್ತೀನಿ, ತೋಡಿದೋನ್ನೂ ತೋರಿಸ್ತೀನಿ. ಒಳಗೆ ಇನ್ನೂ ಒಂದ್ ಸ್ಟ್ಯಾಂಡ್ ಅದೆ. ಬಾಚು.”